ಬೆಕ್ಕಿಗೆ ಕೊಂಡ ‘ಎಮೋಷನಲ್ ಸಪೋರ್ಟ್’ ಪತ್ರ: ಐದಕ್ಕೆ ಒಂದು ಸ್ಟಾರ್

ಒಂದು ಸ್ಟಾರ್ ಕೊಡುತ್ತಿದ್ದೇನೆ, ಅದೂ ಪಿಡಿಎಫ್ ಹತ್ತೇ ನಿಮಿಷದಲ್ಲಿ ಬಂತು ಅನ್ನೋ ಕಾರಣಕ್ಕೆ. ನಾವಿರುವುದು ಸ್ಯಾನ್ ಹೋಸೆಯಲ್ಲಿ. ಡಾಲಸ್‌ನಲ್ಲಿರುವ ತಮ್ಮನ ಮನೆಗೆ ಒಂದು ತಿಂಗಳ ಮಟ್ಟಿಗೆ ಹೋಗುವುದಿತ್ತು, ಬೆಕ್ಕನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ‘ಎಮೋಷನಲ್ ಸಪೋರ್ಟ್’ ಪತ್ರ ಮಾರುವ ಈ ವೆಬ್‌ಸೈಟ್. ಪ್ರಾಣಿ ಜೊತೆಗಿದ್ದರೆ ಇವರ ಮನಸ್ಸಿಗೆ ಧೈರ್ಯ ಅಂತ ಬರೆದುಕೊಡುವ ಪತ್ರ ಅದು, ತೋರಿಸಿದರೆ ವಿಮಾನದಲ್ಲಿ ಬೆಕ್ಕಿಗೆ ಚಾರ್ಜ್ ಇಲ್ಲ ಅಂದುಕೊಂಡೆ. 129 ಡಾಲರ್ ಕಟ್ಟಿ ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಬರೆದರೆ ಥೆರಪಿಸ್ಟ್ (ಮನೋಚಿಕಿತ್ಸಕರು) ಸಹಿ ಇರುವ ಪತ್ರ, ಬೆಕ್ಕಿನ ಫೋಟೊ ಇರುವ ಐಡಿ ಕಾರ್ಡು, ಜೊತೆಗೊಂದು ಕೆಂಪು ಜಾಕೆಟ್ಟು. ನನಗೆ ವಿಮಾನ ಅಂದರೆ ಭಯ, ಸ್ವಲ್ಪ ಕುಲುಕಿದರೂ ಕೈ ಬೆವರುತ್ತದೆ, ಹಾಗಾಗಿ ಸುಳ್ಳೇನೂ ಬರೆಯಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ “ಬೆಕ್ಕಿಗೂ ಸರ್ಟಿಫಿಕೇಟಾ!” ಅಂತ ನಕ್ಕಿದ್ದೇ ನಕ್ಕಿದ್ದು.

ಏರ್‌ಲೈನ್‌ಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಈ ಪತ್ರಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅಮೆರಿಕದ ಸಾರಿಗೆ ಇಲಾಖೆ 2021ರ ಜನವರಿ 11ರಿಂದಲೇ ನಿಯಮ ಬದಲಿಸಿದೆ. ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿ ಮಾತ್ರ ಸರ್ವಿಸ್ ಅನಿಮಲ್. ಮಿಕ್ಕಿದ್ದನ್ನೆಲ್ಲ ಮಾಮೂಲಿ ಸಾಕುಪ್ರಾಣಿ ಅಂತ ಏರ್‌ಲೈನ್ ನೋಡಬಹುದು, ದುಡ್ಡು ಕೇಳಬಹುದು. ಸೈಟಿನ ಮುಖಪುಟದಲ್ಲಿ ಮಾತ್ರ ಇವತ್ತಿಗೂ ವಿಮಾನದ ಕಿಟಕಿ ಪಕ್ಕ ಕೂತ ಬೆಕ್ಕಿನ ಚಿತ್ರ!

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಪತ್ರ ತೋರಿಸಿದರೆ ಪ್ರಾಣಿಗೆ ಚಾರ್ಜ್ ಇರಲಿಲ್ಲ, ಜನ ಸುಮ್ನೆ ಬಿಡ್ತಾರಾ? 2014ರಲ್ಲಿ ಕನೆಕ್ಟಿಕಟ್‌ನಲ್ಲಿ ಒಬ್ಬಾಕೆ ಹಂದಿ ತಂದರು, ಅದು ವಿಮಾನ ಹೊರಡುವ ಮೊದಲೇ ಒಳಗೆ ಗಲೀಜು ಮಾಡಿತು, ಇಬ್ಬರನ್ನೂ ಇಳಿಸಿದರು. 2018ರ ಜನವರಿಯಲ್ಲಿ ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಡೆಕ್ಸ್ಟರ್ ಎಂಬ ನವಿಲು ಬಂತು. ಅದಕ್ಕೆ ಬೇರೆ ಸೀಟೇ ಕೊಂಡಿದ್ದೇನೆ ಅಂತ ಒಡತಿ ಹೇಳಿದರೂ ಯುನೈಟೆಡ್ ಏರ್‌ಲೈನ್ಸ್‌ನವರು ಹತ್ತಿಸಲಿಲ್ಲ. (ಆ ಬಾಲಕ್ಕೆ ಒಂದು ಸೀಟು ಎಲ್ಲಿ ಸಾಲಬೇಕು?) ಅದೇ ವರ್ಷ ಆರ್ಲಾಂಡೊದಲ್ಲಿ ಅಳಿಲು ತಂದವರು ಇಳಿಯಲ್ಲ ಅಂತ ಹಟ ಹಿಡಿದು, ಎಲ್ಲ ಪ್ರಯಾಣಿಕರೂ ಕೆಳಗಿಳಿದು ಪೊಲೀಸರು ಬರಬೇಕಾಯಿತು. 2016ರಲ್ಲಿ ಕೆಂಪು ಬೂಟು, ಡೈಪರ್ ಹಾಕಿಕೊಂಡು ಹಾರಿದ ಡೇನಿಯಲ್ ಎಂಬ ಬಾತುಕೋಳಿ ಒಂದೇ ಯಾರಿಗೂ ತೊಂದರೆ ಕೊಡದೆ ಎಲ್ಲರ ಫೋಟೊಗೆ ನಿಂತಿದ್ದು ಅನ್ನಿಸುತ್ತದೆ.

ಕೊನೆಗೆ ಬೆಕ್ಕಿಗೆ 150 ಡಾಲರ್ ಬೇರೆ ಕಟ್ಟಿ, ಮುಂದಿನ ಸೀಟಿನ ಕೆಳಗೆ ಹಿಡಿಸುವ ಮೆತ್ತನೆಯ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಸೆಕ್ಯುರಿಟಿಯಲ್ಲಿ ಎಕ್ಸ್‌ರೇಗೆ ಹೋಗುವುದು ಖಾಲಿ ಬ್ಯಾಗ್ ಮಾತ್ರ, ಬೆಕ್ಕನ್ನು ಎತ್ತಿಕೊಂಡು ಮೆಟಲ್ ಡಿಟೆಕ್ಟರ್ ದಾಟಬೇಕು. ನನ್ನ ಹೆಗಲ ಮೇಲೆ ನಾಲ್ಕು ಗೆರೆ ಬಿದ್ದವು. ನಿಮ್ಮದು ಹೆದರುವ ಬೆಕ್ಕಾದರೆ ಬೇರೆ ರೂಮಿನಲ್ಲಿ ತಪಾಸಣೆ ಮಾಡಿ ಅಂತ ಮೊದಲೇ ಕೇಳಿ.

ಇಂಥ ಪತ್ರ ಪೂರ್ತಿ ದಂಡ ಅಂತ ಹೇಳಲಾರೆ. ಸಾಕುಪ್ರಾಣಿ ಬೇಡ ಅನ್ನುವ ಬಾಡಿಗೆ ಮನೆಗೆ ಉಪಯೋಗಕ್ಕೆ ಬರಬಹುದು. ಆದರೆ ಅದಕ್ಕೆ ನಿಮ್ಮನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳುವುದು ವಾಸಿ. ಐಡಿ ಕಾರ್ಡಿಗಂತೂ ಅರ್ಥವೇ ಇಲ್ಲ, ಇಂಥ ಪ್ರಾಣಿಗಳ ಸರ್ಕಾರಿ ನೋಂದಣಿಯೇ ಅಮೆರಿಕದಲ್ಲಿಲ್ಲ.

ರೀಫಂಡ್ ಕೇಳಿ ಎರಡು ಸಲ ಮೇಲ್ ಹಾಕಿದೆ. ಬಂದ ಉತ್ತರದಲ್ಲಿ ಇನ್ನೊಂದು ಜಾಕೆಟ್ಟಿಗೆ 20 ಪರ್ಸೆಂಟ್ ಕೂಪನ್ ಇತ್ತು. ಮೊದಲನೆಯದೇ ಬೆಕ್ಕಿಗೆ ದೊಗಳೆ.