ತಾಯಿ ಇಲ್ಲದ ಬೆಕ್ಕಿನ ಮರಿಗೆ ಯಾವ ಕಾವು, ಯಾವ ಹಾಲು: ನಾವು ಮಾಡಿ ನೋಡಿದ್ದು

ಕಣ್ಣು ಬಿಡದ ಬೆಕ್ಕಿನ ಮರಿ ಕೈಗೆ ಸಿಕ್ತು ಅಂದ್ರೆ ಊರವ್ರೆಲ್ಲ ಹೇಳೋದು ಒಂದೇ ಮಾತು, ಬಾಯಿಗೆ ಸ್ವಲ್ಪ ಹಾಲು ಬಿಡಿ ಅಂತ. ದಯವಿಟ್ಟು ಹಾಲು ಆಮೇಲೆ, ಮೊದ್ಲು ಕಾವು. ತೀರ್ಥಹಳ್ಳಿ ಹತ್ರ ನಮ್ಮನೇಲಿ ಎರಡು ಸೂಲಿನ ಮರಿಗಳನ್ನ ಹೀಗೆ ಸಾಕಿದೀವಿ, ಒಂದು ಆಷಾಢದ ಜಡಿಮಳೇಲಿ, ಇನ್ನೊಂದು ಬೇಸಿಗೇಲಿ. ಎರಡ್ರಲ್ಲೂ ಹಾಲು ಬೇರೆ, ಬೆಚ್ಚಗಿಡೋ ದಾರಿ ಬೇರೆ, ಕುಡಿಸೋ ಸಾಮಾನೂ ಬೇರೆ, ಹಂಗಾಗಿ ಯಾವ್ದು ವಾಸಿ ಅಂತ ಸ್ವಲ್ಪ ಬಿಡಿಸಿ ಬರೀತೀನಿ.

ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತೆ ಅಷ್ಟೆ. ಮೈಬಿಸಿ ತಾನೇ ಹಿಡ್ಕೊಳೋಕೆ ಅದಕ್ಕೆ ಮೂರ್ನಾಲ್ಕು ವಾರ ಆಗ್ಬೇಕು, ಮೊದಲ ವಾರ ಚಳಿಗೆ ನಡುಗೋಕೂ ಬರಲ್ಲ. ಮೈ ತಣ್ಣಗಾದ್ರೆ ಕರುಳು ಕೆಲಸ ನಿಲ್ಸುತ್ತೆ, ಆಗ ಎಂಥಾ ಒಳ್ಳೆ ಹಾಲು ಹಾಕಿದ್ರೂ ಅರಗದೆ ಒಳಗೇ ಕೆಡುತ್ತೆ, ಮರಿ ಹೊಟ್ಟೆ ಉಬ್ಬಿಸ್ಕೊಂಡು ಹೋಗ್ಬಿಡುತ್ತೆ. ಕಿರುಬೆರಳನ್ನ ಮರಿ ಬಾಯೊಳಗೆ ಇಟ್ಟು ನೋಡಿ, ತಣ್ಣಗಿದ್ರೆ ಒಂದು ಹನಿ ಹಾಲೂ ಬೇಡ. ಎದೆಗೆ ಆನಿಸಿಕೊಂಡು ಮೇಲೆ ಶಾಲು ಹೊದ್ದು ಕೂತ್ಕೊಳಿ, ನಿಧಾನಕ್ಕೆ ಬಿಸಿ ಆಗ್ಲಿ, ಗಂಟೆ ಹಿಡಿದ್ರೂ ಪರ್ವಾಗಿಲ್ಲ.

ಮೊದಲ ವಾರ ಮರಿ ಮಲಗೋ ಜಾಗ 30ರಿಂದ 32 ಡಿಗ್ರಿ ಇರ್ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೂ ಅಷ್ಟು ಇರಲ್ಲ, ಬಟ್ಟೆನೂ ಒಣಗಲ್ಲ. ಬಲ್ಬು, ಹೀಟಿಂಗ್ ಪ್ಯಾಡು, ಬಚ್ಚಲೊಲೆ, ಬಿಸಿನೀರಿನ ಬಾಟ್ಲಿ, ನಾಲ್ಕನ್ನೂ ನೋಡಿದೀವಿ.

ಬಲ್ಬು ಬೇಸಿಗೇಲಿ ಚೆನ್ನಾಗೇ ಕೆಲಸ ಮಾಡ್ತು, ಹಳೇ ಕಾಲದ ಹಳದಿ ಬೆಳಕಿನ 60 ವ್ಯಾಟಿಂದು, ಎಲ್‌ಇಡಿ ಬಲ್ಬಲ್ಲಿ ಕಾವೇ ಬರಲ್ಲ ಹುಡುಕ್ಬೇಡಿ. ಆದ್ರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಯಾರಿಗ್ಗೊತ್ತು, ರಾತ್ರಿ ನಿಮಗೆ ನಿದ್ದೆ ಹತ್ತಿದಾಗ ಬಲ್ಬು ಆರಿದ್ರೆ ಮುಗೀತು. ಸೊಂಟನೋವಿಗೆ ಅಂತ ಸಿಗೋ ಹೀಟಿಂಗ್ ಪ್ಯಾಡಿಗೂ ಇದೇ ಕತೆ, ಜೊತೆಗೆ ಒಂದೇ ಕಡೆ ಬಿಸಿ ಜಾಸ್ತಿ ಆಗಿ ಮರಿ ಚರ್ಮ ಸುಡೋ ಭಯ, ಸುಟ್ಟ ತಕ್ಷಣ ಸರಿದು ಹೋಗೋ ಶಕ್ತಿ ಆ ಮರಿಗಿರಲ್ಲ. ಬಚ್ಚಲೊಲೆ ಪಕ್ಕ ಬುಟ್ಟಿ ಇಡೋದು ನಮ್ಮ ಅಜ್ಜಿ ಕಾಲದ ಪದ್ಧತಿ, ಅಜ್ಜಿ ಮೇಲೆ ನನಗೆ ಗೌರವ ಇದೆ, ಆದ್ರೂ ಹೇಳ್ತೀನಿ, ಹೊಗೆ ಅಷ್ಟು ಸಣ್ಣ ಶ್ವಾಸಕ್ಕೆ ಆಗಲ್ಲ, ಬೆಂಕಿ ಜೋರಾದಾಗ ಸುಡುತ್ತೆ, ಬೆಳಗಿನ ಜಾವಕ್ಕೆ ಬೂದಿ ತಣ್ಣಗಾಗಿರುತ್ತೆ.

ಗೆದ್ದಿದ್ದು ಬಿಸಿನೀರಿನ ಬಾಟ್ಲಿ. ಮಲೆನಾಡಿನ ಮನೇಲಿ ಹಂಡೆ ನೀರು ಯಾವಾಗ್ಲೂ ಬಿಸಿ ಇರುತ್ತಲ್ಲ, ಅದನ್ನ ಬಾಟ್ಲಿಗೆ ತುಂಬಿ ಹಳೇ ಪಂಚೆ ಸುತ್ತಿ ಅದರ ಮೇಲೆ ಸ್ವೆಟರ್ ಸುತ್ತಿ ರಟ್ಟಿನ ಡಬ್ಬದ ಒಂದು ಬದಿಗೆ ಮಾತ್ರ ಇಡೋದು, ಇನ್ನೊಂದು ಬದಿ ಖಾಲಿ ಬಿಡೋದು, ಸೆಕೆ ಆದ್ರೆ ಮರಿ ತೆವಳ್ಕೊಂಡಾದ್ರೂ ಆ ಕಡೆ ಹೋಗ್ಲಿ ಅಂತ. ಎರಡು ಮೂರು ಗಂಟೆಗೆ ಬಾಟ್ಲಿ ಆರುತ್ತೆ ನಿಜ, ಆದ್ರೆ ಮೊದಲ ವಾರ ಹಾಲು ಕುಡಿಸೋಕೂ ಎರಡು ಮೂರು ಗಂಟೆಗೊಮ್ಮೆ ಏಳಲೇಬೇಕು, ಹಗಲು ರಾತ್ರಿ ಎರಡೂ. ಎದ್ದಾಗ ನೀರು ಬದಲಾಯ್ಸಿದ್ರೆ ಆಯ್ತು. ಕರೆಂಟಿನ ಹಂಗಿಲ್ಲ.

ಇನ್ನು ಹಾಲು. ದನದ ಹಾಲು, ಮೇಕೆ ಹಾಲು, ಮನೇಲಿ ಕಲಸಿದ್ದು, ಅಂಗಡಿಯ ಕಿಟನ್ ಮಿಲ್ಕ್ ಪುಡಿ. ನಮ್ಮ ಕೊಟ್ಟಿಗೇಲಿ ಮಲೆನಾಡು ಗಿಡ್ಡ ತಳಿಯ ದನ ಇದೆ, ಅದರ ಹಾಲಿನ ಬಗ್ಗೆ ನಮಗೆ ಹೆಮ್ಮೆ ಇದೆ, ಆದ್ರೆ ಅದು ಕರುವಿನ ಹಾಲು. ದನದ ಹಾಲಲ್ಲಿ ಪ್ರೋಟೀನು ನೂರಕ್ಕೆ ಮೂರೂವರೆ ಒಳಗೇ, ಬೆಕ್ಕಿನ ಹಾಲಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಇದರ ಮೇಲೆ ನಮ್ಮವರು ಮಾಡೋದೇನು, ಮರಿಗೆ ಭಾರ ಆಗುತ್ತೆ ಅಂತ ಅರ್ಧಕ್ಕರ್ಧ ನೀರು ಬೆರೆಸೋದು! ಅದಕ್ಕೆ ಬೇಕಾಗಿರೋದು ಗಟ್ಟಿ, ನಾವು ಕೊಡೋದು ತಿಳಿ. ಹೊಟ್ಟೆ ತುಂಬಿದ ಹಾಗೆ ಕಾಣುತ್ತೆ, ತೂಕ ಏರಲ್ಲ. ಭೇದಿ ಹಿಡಿದ್ರಂತೂ ಅಷ್ಟು ಚಿಕ್ಕ ಮೈಲಿ ನೀರಿನಂಶ ಬೇಗ ಹೋಗಿಬಿಡುತ್ತೆ.

ಮೇಕೆ ಹಾಲು ಬೆಸ್ಟ್ ಅಂತ ಬಹಳ ಜನ ಹೇಳ್ತಾರೆ. ದನದ್ದಕ್ಕಿಂತ ಸ್ವಲ್ಪ ಸಲೀಸಾಗಿ ಅರಗಿತು ಅಂತ ನಮಗೂ ಅನ್ನಿಸ್ತು, ಆದ್ರೆ ಲ್ಯಾಕ್ಟೋಸು, ಅಂದ್ರೆ ಜಾಸ್ತಿ ಆದ್ರೆ ಭೇದಿ ಹಿಡಿಸೋ ಹಾಲಿನ ಸಕ್ಕರೆ, ಅದರಲ್ಲೂ ಹತ್ತಿರ ಹತ್ತಿರ ಅಷ್ಟೇ ಇದೆ, ಪ್ರೋಟೀನೂ ಸಾಲಲ್ಲ. ಎಮ್ಮೆ ಹಾಲಲ್ಲಿ ಜಿಡ್ಡು ಜಾಸ್ತಿ ಸಿಗುತ್ತೆ, ಪ್ರೋಟೀನಿನ ಕೊರತೆ ಅದರಲ್ಲೂ ತಪ್ಪಲ್ಲ. ಮಕ್ಕಳ ಡಬ್ಬಿ ಹಾಲಿನ ಪುಡಿ ಬೇಡವೇ ಬೇಡ, ಅದರಲ್ಲಿ ಪ್ರೋಟೀನು ದನದ ಹಾಲಿಗಿಂತಲೂ ಕಮ್ಮಿ.

ಗಟ್ಟಿ ಹಾಲಿಗೆ ಮೊಟ್ಟೆಯ ಹಳದಿ ಭಾಗ, ಸ್ವಲ್ಪ ನೀರು ಬಸಿದ ಮೊಸರು ಹಾಕಿ ಕಲಸಿ ಸೋಸಿದ್ದು ಮೊದಲ ರಾತ್ರಿ ದಾಟಿಸೋಕೆ ಸಾಕು. ಅದಕ್ಕಿಂತ ಮುಂದೆ ಬೆಕ್ಕಿನ ಮರಿಗಂತಲೇ ಬರೋ ಪುಡಿಯೇ. ರಾಯಲ್ ಕ್ಯಾನಿನ್ ಬೇಬಿಕ್ಯಾಟ್, ಕೆಎಂಆರ್ ಇಂಥವು ಸಿಗುತ್ವೆ, ನಮಗೆ ಶಿವಮೊಗ್ಗ 60 ಕಿಲೋಮೀಟರು, ಬಸ್ ಹತ್ತಿ ಹೋಗಿ ತಂದ್ವಿ. ರೇಟು ಜಾಸ್ತಿನೇ, ಸುಳ್ಳು ಹೇಳಲ್ಲ. ಆದ್ರೆ ತಕ್ಕಡಿ ಮುಂದೆ ವಾದ ನಡೆಯಲ್ಲ. ಆರೋಗ್ಯವಾಗಿರೋ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರ್ಬೇಕು, ದನದ ಹಾಲಲ್ಲಿ ಒಂದಿನ ಏರಿ ಇನ್ನೊಂದಿನ ಅಲ್ಲೇ ನಿಲ್ತಿತ್ತು, ಪುಡಿಗೆ ಬದಲಾಯಿಸಿದ ಮೇಲೆ ಬಿಡದೆ ಏರ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ದಿನಾ ಒಂದೇ ಹೊತ್ತಿಗೆ ತೂಗಿ ಬರ್ದಿಡಿ. ಪುಡಿಗೆ ನಮ್ಮೂರಿನ ತೇವ ಆಗಲ್ಲ, ಡಬ್ಬಿ ತೆಗೆದ ಮೇಲೆ ಗಂಟು ಕಟ್ಟುತ್ತೆ, ಬಿಗಿ ಮುಚ್ಚಳ ಹಾಕಿ ಫ್ರಿಜ್ಜಲ್ಲಿಡಿ. ಕಲಸಿದ ಹಾಲು ಒಂದು ದಿನಕ್ಕಿಂತ ಹೆಚ್ಚು ಇಡ್ಬಾರ್ದು. ಮಣಿಕಟ್ಟಿನ ಮೇಲೆ ಬಿಟ್ರೆ ಉಗುರುಬೆಚ್ಚಗೆ ಅನ್ನಿಸ್ಬೇಕು.

ಕುಡಿಸೋದು ಯಾವುದ್ರಲ್ಲಿ? ಹತ್ತಿ ಬತ್ತಿ ಅದ್ದಿ ಚೀಪಿಸೋದ್ರಲ್ಲಿ ಎಷ್ಟು ಹೊಟ್ಟೆಗೆ ಹೋಯ್ತು ಗೊತ್ತಾಗಲ್ಲ. ಗಾಜಿನ ಫಿಲ್ಲರ್ ಒಡೆಯೋ ವಸ್ತು, ಗಾಳಿನೂ ಸೇರುತ್ತೆ. ಸಿರಿಂಜು, ಸೂಜಿ ತೆಗೆದ 1 ಎಂಎಲ್‌ದು, ಮೊದಲ ದಿನಗಳಿಗೆ ಒಳ್ಳೇದು, ಅಳತೆ ಸಿಗುತ್ತೆ, ಆದ್ರೆ ಹೆಬ್ಬೆರಳಲ್ಲಿ ಒತ್ತೋ ಜೋರು ನಮ್ಮ ಕೈಲಿರೋದ್ರಿಂದ ಅಪಾಯ ಇದೆ, ಮರಿ ನುಂಗೋಕಿಂತ ಬೇಗ ಹೋದ್ರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ, ಮೂಗಲ್ಲಿ ಗುಳ್ಳೆ ಬರುತ್ತೆ. ತೊಳೆದು ತೊಳೆದು ರಬ್ಬರ್ ಬಿಗಿ ಆದ್ರೆ ಒತ್ತಿದಾಗ ಜಗ್ ಅಂತ ಮುಂದೆ ಹೋಗುತ್ತೆ, ಅಂಥದ್ದನ್ನ ತಕ್ಷಣ ಬಿಸಾಕಿ. ಮರಿ ಚೀಪೋದು ಜೋರಾದ ಮೇಲೆ ನಿಪ್ಪಲ್ ಇರೋ ಪುಟ್ಟ ಬಾಟ್ಲಿನೇ ಸರಿ, ಅದರ ಹಸಿವಿಗೆ ತಕ್ಕಂಗೆ ಅದೇ ಎಳ್ಕೊಳುತ್ತೆ. ತಲೆಕೆಳಗೆ ಹಿಡಿದ್ರೆ ಹನಿ ಹನಿ ಬೀಳ್ಬೇಕು, ಧಾರೆ ಬಂದ್ರೆ ತೂತು ದೊಡ್ಡದಾಯ್ತು ಅಂತ. ಯಾವುದ್ರಲ್ಲೇ ಕುಡಿಸಿ, ಮಗುನ ಮಲಗಿಸಿದ ಹಾಗೆ ಅಂಗಾತ ಮಲಗಿಸ್ಬೇಡಿ, ಹೊಟ್ಟೆ ಕೆಳಗಾಗಿ ತಲೆ ಸ್ವಲ್ಪ ಮೇಲಾಗಿ ಇರ್ಲಿ. ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತೀಲಿ ಹಿಂಭಾಗ ಮೆಲ್ಲಗೆ ಒರೆಸಿದ್ರೇನೇ ಉಚ್ಚೆ ಕಕ್ಕ ಮಾಡೋದು, ಮೂರು ವಾರದವರೆಗೂ ಇದು ತಪ್ಪಲ್ಲ.

ಇಷ್ಟೆಲ್ಲ ಹೇಳಿದ್ರೂ ಇವೆಲ್ಲಕ್ಕಿಂತ ಮೇಲು ಇನ್ನೊಂದು ತಾಯಿಬೆಕ್ಕು. ಬೇಸಿಗೆಯ ಸೂಲಲ್ಲಿ ಪಕ್ಕದ ಮನೆ ಅಕ್ಕನ ಬೆಕ್ಕೂ ಅದೇ ವಾರ ಮರಿ ಹಾಕಿತ್ತು, ಎರಡು ಮರಿನ ಅದಕ್ಕೆ ಕೊಟ್ವಿ, ಎರಡು ನಮ್ಮ ಹತ್ರ ಉಳೀತು. ಅದರ ಗೂಡಿನ ಬಟ್ಟೆ ತಂದು ನಮ್ಮ ಮರಿಗಳಿಗೆ ಉಜ್ಜಿ, ತಾಯಿ ಹೊರಗೆ ಹೋದಾಗ ಮಧ್ಯೆ ಸೇರಿಸಿ, ದೂರದಿಂದ ನೋಡ್ತಾ ಕೂತ್ವಿ, ಅದು ಬಂದು ಮೂಸಿ ನೆಕ್ಕೋಕೆ ಶುರು ಮಾಡ್ತು. ಅಲ್ಲಿದ್ದ ಮರಿಗಳು ತೂಕದಲ್ಲೂ ಚುರುಕಲ್ಲೂ ನಮ್ಮವಕ್ಕಿಂತ ಮುಂದೆ ಹೋದ್ವು. ಕಾವು, ಹಾಲು, ನೆಕ್ಕಿ ಉಚ್ಚೆ ಮಾಡಿಸೋದು ಮೂರೂ ಒಂದೇ ಕಡೆ ಸಿಗುತ್ತಲ್ಲ. ಹಂಗಾಗಿ ಮರಿ ಸಿಕ್ಕಿದ ದಿನವೇ ಅಕ್ಕಪಕ್ಕ, ಮೇಲಿನಕೇರಿ ಕೆಳಗಿನಕೇರಿ ಎಲ್ಲ ಫೋನ್ ಮಾಡಿ ಕೇಳಿ. ಚಿಗಟ ಇದ್ರೆ ಮೊದ್ಲು ಬಾಚಿ ತೆಗೀರಿ, ನಾಯಿಗೆ ಹಾಕೋ ಪರ್ಮೆಥ್ರಿನ್ ಔಷಧಿ ಮಾತ್ರ ಹತ್ರ ತರ್ಬೇಡಿ, ಬೆಕ್ಕಿಗೆ ಅದು ವಿಷ.

ನಾಲ್ಕನೇ ವಾರ ದಾಟಿದ ಮೇಲೆ ಹಾಲು ಕಲಸಿದ ಅನ್ನ ಕೊಡೋರು ಬಹಳ. ಮುಳ್ಳು ತೆಗೆದು ಬೇಯಿಸಿದ ಮೀನೋ ಕೋಳಿನೋ ಮೆತ್ತಗೆ ಮಾಡಿ ಕೊಟ್ಟಾಗ ನಮ್ಮ ಮರಿಗಳು ಅನ್ನದ ಬಟ್ಲನ್ನ ತಿರುಗಿ ನೋಡ್ಲಿಲ್ಲ, ಬೆಕ್ಕಿಗೆ ಟಾರಿನ್ ಅನ್ನೋ ಅಂಶ ಮಾಂಸ ಮೀನಲ್ಲೇ ಸಿಗೋದು, ಅನ್ನದಲ್ಲಿಲ್ಲ. ಅದರ ಜೊತೆಗೇ ಪುಡಿ ಹಾಲನ್ನೂ ಸ್ವಲ್ಪ ದಿನ ಮುಂದುವರಿಸಿ. ಜಂತುಹುಳದ ಔಷಧಿ ಎರಡು ಮೂರು ವಾರಕ್ಕೇ ಶುರು ಆಗುತ್ತೆ, ಪಶು ಆಸ್ಪತ್ರೆಗೆ ಹೋಗುವಾಗ ಆ ತೂಕ ಬರೆದ ಚೀಟಿ ತಗೊಂಡೋಗಿ, ಡೋಸ್ ಲೆಕ್ಕ ಹಾಕೋದು ಗ್ರಾಂ ನೋಡಿಯೇ.