ಉಪ್ಸಾರಿನ ಉಪ್ಪು ಮರೆಸಿದ ಮೌತ್‌ವಾಶ್

ಮಂಡ್ಯದಲ್ಲಿ ಹಲ್ಲು ಕ್ಲೀನ್ ಮಾಡಿಸಿದಾಗ ಡಾಕ್ಟರ್ ಬರೆದುಕೊಟ್ಟಿದ್ದು 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ದಿನಕ್ಕೆರಡು ಸಲ, 10 ಎಂಎಲ್, ಒಂದು ನಿಮಿಷ ಮುಕ್ಕಳಿಸಿ ಉಗಿಯಬೇಕು. ನಾಲ್ಕನೇ ದಿನಕ್ಕೆ ಬ್ರಷ್ ಮಾಡುವಾಗ ಒಸಡಲ್ಲಿ ರಕ್ತ ಬರುವುದು ನಿಂತಿತು. ನನಗೆ ಬೇಕಾಗಿದ್ದೂ ಅದೇ.

ಆದರೆ ನಾಲಿಗೆ ರುಚಿ ಕೆಡುತ್ತದೆ. ರಾತ್ರಿ ಮುದ್ದೆ ಮುರಿದು ಉಪ್ಸಾರಿಗೆ ಅದ್ದಿದೆ, ಉಪ್ಪೇ ಗೊತ್ತಾಗಲಿಲ್ಲ. "ಅಮ್ಮಾ, ಉಪ್ಪು ಹಾಕಿಲ್ವಾ?" ಅಂದೆ. ಅಮ್ಮ ಪಾಪ ಎರಡು ಸಲ ರುಚಿ ನೋಡಿದರು. ಹತ್ತು ದಿನಕ್ಕೆ ಕೆಳಗಿನ ಹಲ್ಲುಗಳ ಸಂದಿಯಲ್ಲಿ ಕಂದು ಕಲೆಯೂ ಬಂತು. ಕಾಫಿ, ಟೀ ಕುಡಿಯುವವರಿಗೆ ಇದು ಜಾಸ್ತಿ.

ಬ್ರಷ್ ಮಾಡಿದ ತಕ್ಷಣ ಬಳಸಬೇಡಿ. ಪೇಸ್ಟಿನ ನೊರೆಯಲ್ಲಿರುವ ಅಂಶ ಔಷಧಿಯ ಶಕ್ತಿ ಕುಂದಿಸುತ್ತದೆ, ಅರ್ಧ ಗಂಟೆ ಬಿಡಿ. ನಾನು ತಗೊಂಡ ಅಂಗಡಿಯಲ್ಲಿ ಇದನ್ನು ಹೇಳಲೇ ಇಲ್ಲ. ಡಾಕ್ಟರ್ ಹೇಳಿದಷ್ಟು ದಿನ ಸಾಕು, ಸುಮ್ನೆ ತಿಂಗಳುಗಟ್ಟಲೆ ಬೇಡ.