ನಾಣ್ಯ ತೊಳೆಯುವ ಡಿಪ್ ದ್ರಾವಣ: ಬೆಳ್ಳಿಗೆ ಪರವಾಗಿಲ್ಲ, ತಾಮ್ರಕ್ಕೆ ಬೇಡವೇ ಬೇಡ

ಹಳೆ ನಾಣ್ಯ ತೊಳೆಯೋಕೆ ಅಂತಲೇ ಮಾರುವ ಡಿಪ್ ದ್ರಾವಣ ಇದು. ಅಗಲ ಬಾಯಿಯ ಬಾಟಲಿ, ಒಳಗೊಂದು ಪುಟ್ಟ ಪ್ಲಾಸ್ಟಿಕ್ ಬುಟ್ಟಿ. ನಾಣ್ಯವನ್ನು ಬುಟ್ಟಿಯಲ್ಲಿಟ್ಟು ಅದ್ದಬೇಕು, ತೆಗೆಯಬೇಕು, ನೀರಲ್ಲಿ ತೊಳೆಯಬೇಕು, ಅಷ್ಟೇ. ಕೆಲವು ತಿಂಗಳಿಂದ ಬಳಸುತ್ತಿದ್ದೇನೆ, ಅದೂ ಸುಲಭವಾಗಿ ಸಿಗುವ, ಹೋದರೂ ಬೇಜಾರಾಗದ ನಾಣ್ಯಗಳ ಮೇಲೆ ಮಾತ್ರ. ಐದಕ್ಕೆ ಎರಡು ನಕ್ಷತ್ರ ಕೊಡುತ್ತೇನೆ. ಆ ಎರಡೂ ಬೆಳ್ಳಿ ನಾಣ್ಯದ ಕೆಲಸಕ್ಕೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಪದರ ಕೂರುತ್ತದೆ. ಈ ದ್ರಾವಣದಲ್ಲಿರುವ ಥಯೋಯೂರಿಯಾ ಮತ್ತು ಆಮ್ಲ ಸೇರಿ ಆ ಪದರವನ್ನು ಕರಗಿಸುತ್ತವೆ. ಕೆಲವೇ ಸೆಕೆಂಡು ಸಾಕು, ಕಪ್ಪು ಹೋಗಿ ಬಿಳಿ ಬೆಳ್ಳಿ ಕಾಣಿಸುತ್ತದೆ, ನೋಡೋಕೆ ಖುಷಿಯಾಗುತ್ತದೆ. ಆದರೆ ಒಂದು ವಿಷಯ ಬಾಟಲಿ ಮೇಲೆ ಎಲ್ಲೂ ಬರೆದಿಲ್ಲ. ಕಪ್ಪಾಗಿದ್ದ ಆ ಪದರವೂ ನಾಣ್ಯದ ಬೆಳ್ಳಿಯೇ, ಅದು ಕರಗಿತು ಅಂದರೆ ಅಷ್ಟು ಬೆಳ್ಳಿ ಹೋಯಿತು ಅಂತಲೇ ಅರ್ಥ. ಚಲಾವಣೆಯಾಗದ ಹೊಸ ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿದರೆ ಬೆಳಕು ಚಕ್ರದ ಅರಗಳ ಹಾಗೆ ಸುತ್ತುತ್ತದೆ ಅಲ್ವಾ, ಆ ಹೊಳಪು ಬರುವುದು ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ಹರಿದು ಮೂಡುವ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿಂದ. ಪದೇ ಪದೇ ಅದ್ದಿದರೆ ಆ ಗೆರೆಗಳು ಸವೆಯುತ್ತವೆ. ನಾಣ್ಯ ಬೆಳ್ಳಗೇ ಇರುತ್ತದೆ, ಆದರೆ ಜೀವ ಇರುವುದಿಲ್ಲ. ಒಮ್ಮೆ ಹೋದ ಈ ಹೊಳಪನ್ನು ಯಾರೂ ವಾಪಸ್ ತರೋಕೆ ಆಗಲ್ಲ.

ಹಾಗಾಗಿ ಚೆನ್ನಾಗಿ ಉಳಿದಿರುವ, ಅಲ್ಲಲ್ಲಿ ವಿಕಾರವಾಗಿ ಕಲೆಯಾದ ಬೆಳ್ಳಿ ನಾಣ್ಯಕ್ಕೆ, ಅದೂ ಒಂದೇ ಸಲ, ಐದು ಸೆಕೆಂಡಿನೊಳಗೆ ಅದ್ದಿ ತೆಗೆದರೆ ಸರಿ. ಸವೆದ ನಾಣ್ಯಕ್ಕೆ ಇದು ಹೊಂದುವುದಿಲ್ಲ. ಅಕ್ಷರಗಳ ಸಂದಿನಲ್ಲಿ ಕೂತ ಕಪ್ಪು ಬಣ್ಣವೇ ಚಿತ್ರವನ್ನು ಎತ್ತಿ ತೋರಿಸುತ್ತಿರುತ್ತದೆ, ಅದು ಹೋದಮೇಲೆ ನಾಣ್ಯ ಚಪ್ಪಟೆಯಾಗಿ ಕಾಣುತ್ತದೆ. ತೊಳೆಯುವುದರಲ್ಲೂ ಜಿಪುಣತನ ಬೇಡ. ಸಂದಿಯಲ್ಲಿ ದ್ರಾವಣ ಉಳಿದರೆ ಆಮೇಲೆ ಹಳದಿ, ಕಂದು ಕಲೆ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಥಯೋಯೂರಿಯಾ ಕ್ಯಾನ್ಸರ್ ತರಬಹುದು ಎಂಬ ಶಂಕೆ ಇರುವ ವಸ್ತು, ಅದಕ್ಕೆ ಕೈಗವಸು ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ.

ಇನ್ನು ತಾಮ್ರ. 'ಎಲ್ಲ ಲೋಹಗಳಿಗೂ' ಅಂತ ಬಾಟಲಿ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಇದಕ್ಕೆ ನನ್ನ ತಕರಾರು. ತಾಮ್ರದ ನಾಣ್ಯ ಅದ್ದಿದರೆ ಕಂದು ಬಣ್ಣ ಹೋಗಿ ಹಸಿ ಗುಲಾಬಿ ಬಣ್ಣ ಬರುತ್ತದೆ. ಯಾವ ಟಂಕಸಾಲೆಯಿಂದಲೂ ಆ ಬಣ್ಣದ ನಾಣ್ಯ ಹೊರಬರುವುದಿಲ್ಲ, ಸಂಗ್ರಾಹಕರು ದೂರದಿಂದಲೇ ಗುರುತು ಹಿಡಿಯುತ್ತಾರೆ. ವರ್ಷಗಳ ಕಾಲ ನಿಧಾನವಾಗಿ ಕೂತ ಆ ಕಂದು ಪದರ ಕೊಳೆ ಅಲ್ಲ, ಒಳಗಿನ ಲೋಹವನ್ನು ಕಾಯುವ ಹೊದಿಕೆ. ಅದನ್ನು ಕಿತ್ತರೆ ತಾಮ್ರ ಮತ್ತೆ ಕಪ್ಪಾಗುತ್ತದೆ, ಈ ಸಲ ಒಂದೇ ಸಮವಾಗಿ ಅಲ್ಲ, ತೇಪೆ ತೇಪೆಯಾಗಿ. ಲೇಬಲ್‌ನಿಂದ ತಾಮ್ರವನ್ನು ತೆಗೆದುಹಾಕಿದರೆ ಎಷ್ಟೋ ನಾಣ್ಯ ಉಳಿಯುತ್ತವೆ.

ಇದಕ್ಕೆ ಹಾಕುವ ದುಡ್ಡನ್ನು ಶುದ್ಧ ಅಸಿಟೋನ್‌ಗೂ ಡಿಸ್ಟಿಲ್ಡ್ ವಾಟರ್‌ಗೂ ಹಾಕಿ ಅಂತ ನಾನು ಹೇಳುವುದು. ಅಸಿಟೋನ್ ಚಿನ್ನ, ಬೆಳ್ಳಿ, ತಾಮ್ರವನ್ನು ತಿನ್ನುವುದಿಲ್ಲ. ಎಣ್ಣೆ, ಜಿಡ್ಡು, ಟೇಪಿನ ಅಂಟು ಇಂಥದ್ದನ್ನು ಮಾತ್ರ ಕರಗಿಸುತ್ತದೆ. ಪಿವಿಸಿ ಹಾಳೆಯ ಆಲ್ಬಮ್‌ನಲ್ಲಿಟ್ಟ ನಾಣ್ಯದ ಮೇಲೆ ಅಂಟಂಟಾದ ಹಸಿರು ಪೊರೆ ಬಂದಿರುತ್ತದೆ ನೋಡಿ, ಅದಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ, ಜಾಸ್ತಿ ದಿನ ಬಿಟ್ಟರೆ ಆ ಪೊರೆ ಲೋಹವನ್ನೇ ಕೊರೆಯುತ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಮುಚ್ಚಿಟ್ಟು, ಆಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಜಾಲಿಸಿ. ಹಳೇದರಲ್ಲೇ ಬಿಟ್ಟರೆ ಕರಗಿದ ಜಿಡ್ಡು ವಾಪಸ್ ನಾಣ್ಯದ ಮೇಲೆ ಕೂರುತ್ತದೆ. ಉಗುರು ಬಣ್ಣ ತೆಗೆಯುವ ದ್ರಾವಣ ಇದರ ಬದಲಿಗೆ ಆಗಲ್ಲ, ಅದರಲ್ಲಿ ಸುವಾಸನೆ, ಬಣ್ಣ, ಎಣ್ಣೆ ಸೇರಿರುತ್ತದೆ. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿ ತಕ್ಷಣ ಹೊತ್ತಿಕೊಳ್ಳುತ್ತದೆ, ಹಾಗಾಗಿ ಒಲೆ, ದೀಪ, ಸಿಗರೇಟು ಹತ್ತಿರ ಇರಲೇಬಾರದು.

ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಡಿ, ನೀರು ಬದಲಿಸುತ್ತಿರಿ. ನಲ್ಲಿ ನೀರಿನ ಕ್ಲೋರಿನ್, ಲವಣಗಳು ಕಲೆ ಮಾಡುತ್ತವೆ. ಒಣಗಿಸುವಾಗ ಮೆತ್ತನೆ ಬಟ್ಟೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಂದೇ ಒಂದು ಸಲ ಉಜ್ಜಿದರೂ ಕೂದಲೆಳೆ ಗೀರು ಬೀಳುತ್ತದೆ, 10 ಪಟ್ಟು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ.

ಟೂತ್‌ಪೇಸ್ಟ್, ಅಡುಗೆ ಸೋಡಾ ಹಾಕಿ ಉಜ್ಜುವುದರ ಬಗ್ಗೆ ಹೇಳುವುದೇ ಬೇಡ, ಎರಡೂ ಉಜ್ಜುಪುಡಿಗಳೇ. ನಿಂಬೆರಸ, ವಿನೆಗರ್ ಆಮ್ಲ, ತಾಮ್ರದಲ್ಲಿ ಡಿಪ್ ಮಾಡುವ ಹಾಳನ್ನೇ ಅವೂ ಮಾಡುತ್ತವೆ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ವಿಧಾನ ಬೆಳ್ಳಿ ಪಾತ್ರೆಗೆ ಚೆನ್ನ, ನಾಣ್ಯ ಮಾತ್ರ ಮಂಕಾಗುತ್ತದೆ.

ಎನ್‌ಜಿಸಿ, ಪಿಸಿಜಿಎಸ್ ಥರದ ನಾಣ್ಯ ಪರೀಕ್ಷೆ ಸಂಸ್ಥೆಗಳು ಕೆಟ್ಟದಾಗಿ ತೊಳೆದ ನಾಣ್ಯಕ್ಕೆ ಗುಣಮಟ್ಟದ ಅಂಕಿ ಕೊಡುವುದಿಲ್ಲ, 'ಡೀಟೇಲ್ಸ್' ಅಂತ ಬರೆದು ಬಿಡುತ್ತವೆ. ಅಲ್ಲಿಗೆ ಬೆಲೆ ಇಳಿಯಿತು ಅಂತಲೇ. ಅಪರೂಪದ ನಾಣ್ಯ ಇದೆ ಅನಿಸಿದರೆ ಮೊದಲು ಗೊತ್ತಿರುವವರಿಗೆ ತೋರಿಸಿ, ಬಾಟಲಿ ಮುಚ್ಚಳ ಆಮೇಲೆ ತೆಗೆಯಿರಿ.

ಒಂದು ಲಕ್ಷಣ ಕಂಡರೆ ಮಾತ್ರ ತಡ ಮಾಡಬೇಡಿ. ಹಳೆ ತಾಮ್ರ, ಕಂಚಿನ ನಾಣ್ಯದ ಮೇಲೆ ಗಟ್ಟಿಯಾಗಿ ಕೂತ ಕಡು ಹಸಿರು ಕಿಲುಬಿಗೆ ಹೆದರಬೇಕಿಲ್ಲ. ಆದರೆ ತಿಳಿ ಹಸಿರು ಪುಡಿ, ಮುಟ್ಟಿದರೆ ಉದುರುತ್ತದೆ, ಕೆರೆದರೆ ಮತ್ತೆ ಬರುತ್ತದೆ ಅಂದರೆ ಅದು ಕಂಚಿನ ರೋಗ. ಒಳಗೆ ಸೇರಿದ ಕ್ಲೋರೈಡ್ ತೇವದ ಜೊತೆ ಸೇರಿ ಲೋಹವನ್ನು ತಿನ್ನುತ್ತಿರುತ್ತದೆ. ಈ ಡಿಪ್ ಆಗಲಿ ಅಸಿಟೋನ್ ಆಗಲಿ ಅದನ್ನು ವಾಸಿ ಮಾಡುವುದಿಲ್ಲ. ಸಂರಕ್ಷಣೆ ಮಾಡುವವರು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್‌ನ 5 ಶೇಕಡಾ ದ್ರಾವಣದಲ್ಲಿ ವಾರ, ತಿಂಗಳುಗಟ್ಟಲೆ ನೆನೆಸುತ್ತಾರೆ, ದ್ರಾವಣ ಬದಲಿಸುತ್ತಾ ಹೋಗುತ್ತಾರೆ. ಅಲ್ಲಿಯವರೆಗೆ ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ.